ಮೆಟ್ಟಿಲು ಕಿರಿದು

ಗ್ರಿಮ್ಸ್‌ಬಿಯಲ್ಲಿ, ಮೀನಿನ ಧಕ್ಕೆಯ ಹಿಂದಿನ ಬೀದಿಯಲ್ಲಿ
ಹಳೆಯ ಸೋಫಾ, ಮಂಚ, ಒಲೆಗಳನ್ನು ಒರೆಸಿ
ಇಲ್ಲದವರ ಮನೆಗೆ ಮುಟ್ಟಿಸುವ ಒಂದು ಉಗ್ರಾಣ.
ಅದರ ಪುಟ್ಟ ವೆಬ್‌ಸೈಟು ನನ್ನ ಪಾಲಿಗೆ ಬಂದದ್ದು
ಮಾರ್ಚಿನಲ್ಲಿ, ಸಂಬಳವಿಲ್ಲದ ಕೆಲಸವಾಗಿ,
ಹಿಂದಿನವರು ಹಾಕಿದ ತೇಪೆಗಳ ಸಮೇತ.

ಪರದೆಯ ಮೇಲೆ ಮೂರೇ ಸಾಲು:
ಸೋಫಾ ಒಂದು. ಕುರ್ಚಿ ಎರಡು. ಗುರುವಾರ ಬೆಳಿಗ್ಗೆ.
ತಲೆ ಬಾಚಿಕೊಂಡ ಹುಡುಗನ ಹಾಗೆ ಸಭ್ಯವಾಗಿತ್ತು.

ಯಾಕೋ ಪುಟದ ಮೂಲ ತೆರೆದು ನೋಡಿದೆ.
ಮೌಸಿನ ಬಲಗಿವಿ ಹಿಂಡಿದರೆ ಸಾಕು,
ಯಾರಿಗೂ ಬರುತ್ತದೆ ಆ ವಿದ್ಯೆ.
ಸ್ಕ್ರಿಪ್ಟಿನ ಕೈಗೆ ಇಡೀ ಕಡತವನ್ನೇ ಕೊಟ್ಟಿದ್ದರು:
ಹುಟ್ಟಿದ ದಿನ, ಮಕ್ಕಳೆಷ್ಟು, ಯಾವ ಶಾಲೆ,
ಹಳೆಯ ವಿಳಾಸ, ಹೊಸ ವಿಳಾಸ,
ಮತ್ತು ಮೌರೀನ್ ಟೈಪಿಸಿದ್ದ ಟಿಪ್ಪಣಿ:
ಗಂಡನಿಗೆ ಯಾವ ಕಾರಣಕ್ಕೂ ಗೊತ್ತಾಗಕೂಡದು.
ಮೆಟ್ಟಿಲು ಕಿರಿದು. ಇಬ್ಬರು ಬೇಕು.

ಪುಟದ ಕೊಂಡಿ ಹೋಗಿದ್ದು
ಗಂಡಹೆಂಡಿರು ಇಬ್ಬರೂ ಬಳಸುತ್ತಿದ್ದ ಈಮೇಲಿಗೆ.

ಸರ್ವರ್ ಅಂದರೆ ಕೊನೆಗೂ ಮಾಣಿಯೇ ತಾನೆ.
ಒಳಗಿನಿಂದ ತರಬೇಕಾದ್ದು ಒಂದು ಸೌಟು.
ಇವನು ಹಂಡೆಯನ್ನೇ ಹೊತ್ತು ತಂದು
ಎಲೆಗೆ ಮಗುಚಿ
ಕಾಣದಿರಲೆಂದು
ಮೇಲೊಂದು ಹಪ್ಪಳ ಮುಚ್ಚಿ ಹೋಗಿದ್ದಾನೆ.

ಅಡಗಿಸಿದ್ದೇವಲ್ಲ, ಎಂದರು ಹಿಂದಿನವರು ಫೋನಿನಲ್ಲಿ.
ಅಡಗಿಸುವುದು ಬೇರೆ, ಕೊಡದೇ ಇರುವುದು ಬೇರೆ
ಎನ್ನಲು ಇಂಗ್ಲಿಷಿನಲ್ಲಿ ತಡವರಿಸಿದೆ.

ಅವತ್ತು ರಾತ್ರಿ ಕೂತು
ಬೇಡದ್ದನ್ನು ಅಳಿಸುತ್ತ ಹೋದೆ ಮೊದಲು. ತಪ್ಪು ದಾರಿ.
ನಾಳೆ ಮೌರೀನ್ ಹೊಸದೊಂದು ಕಾಲಂ ಸೇರಿಸಿದರೆ
ಅದೂ ಸದ್ದಿಲ್ಲದೆ ಹೊರಟುಬಿಡುತ್ತದೆ ಉಳಿದವರ ಹಿಂದೆ.
ಹಾಗಾಗಿ ಎಲ್ಲವನ್ನೂ ತಡೆದು ನಿಲ್ಲಿಸಿ
ಬಾಗಿಲಲ್ಲಿ ಒಂದೊಂದನ್ನೇ ಕೇಳಿದೆ:
ನಿನಗೇನು ಕೆಲಸ ಅಲ್ಲಿ?
ಸೋಫಾ ಹೋಗಲಿ. ಕುರ್ಚಿ ಹೋಗಲಿ. ಗುರುವಾರ ಹೋಗಲಿ.
ಹುಟ್ಟಿದ ದಿನ ಉತ್ತರಿಸಲಿಲ್ಲ.
ವಿಳಾಸ ತಾನಾಗಿಯೇ ಒಳಗೆ ಸರಿಯಿತು.
ಹಂಬರ್ ಕಡೆಯ ಗಾಳಿ ಕಿಟಕಿ ಅಲುಗಿಸುತ್ತಿತ್ತು.
ಎರಡು ಗಂಟೆಗೆ, ಗೆದ್ದವಳ ಹಾಗೆ ಮಲಗಿದೆ.

ಗುರುವಾರ ಹತ್ತೂವರೆಗೆ ಗ್ಯಾರಿಯ ಫೋನು,
ವ್ಯಾನಿನ ಎಂಜಿನ್ನಿಗಿಂತ ಜೋರಾಗಿ:
ವಿಳಾಸವೇನೋ ಮೌರೀನ್ ಚೀಟಿಯಲ್ಲಿ ಬರೆದುಕೊಟ್ಟಳು, ಸರಿ.
ಮೆಟ್ಟಿಲಿನ ವಿಷಯ ಯಾಕೆ ಹೇಳಲಿಲ್ಲ?
ನಾನೊಬ್ಬನೇ ಬಂದಿದ್ದೇನೆ.
ಸೋಫಾ ತಿರುವಿನಲ್ಲಿ ಸಿಕ್ಕಿಕೊಂಡಿದೆ,
ಮೇಲೂ ಹೋಗದು, ಕೆಳಗೂ ಬಾರದು.
ಆ ತುದಿ ಹಿಡಿದು ನಿಂತವಳು ಆಕೆಯೇ.

ನನ್ನ ಚಹಾ ಆರಿತು.

ಒಂದೇ ಡಬ್ಬಿಯಲ್ಲಿ ಮೈಗೆ ಮೈ ತಾಗಿಸಿ ಮಲಗಿದ್ದ
ಆ ಎರಡು ಮಾತುಗಳನ್ನು ಬಿಡಿಸಿದೆ.
ಗಂಡ ಒಳಗೆ. ಮೆಟ್ಟಿಲು ಹೊರಗೆ,
ಅದೂ ಗ್ಯಾರಿಯ ಪುಟಕ್ಕೆ ಮಾತ್ರ.
ಆರು ಸಾಲಿನ ಕೆಲಸ. ಮಾರ್ಚಿನಲ್ಲೇ ಮಾಡಬಹುದಿತ್ತು.

ಅವಳ ಹೆಸರು ನನಗೆ ಗೊತ್ತು,
ಬೀದಿಯೂ, ಬಾಗಿಲಿನ ಬಣ್ಣವೂ.
ಊರಿನ ಹೆಸರನ್ನೂ ಬದಲಿಸಿರಬಹುದು ನಾನು.
ಈ ಪದ್ಯದ ಮೂಲ ತೆರೆದು ಹುಡುಕಬೇಡಿ, ಅಲ್ಲಿಲ್ಲ.
ನಿಮ್ಮ ತನಕ ಕಳಿಸಿರುವುದು ಇಷ್ಟು:
ಸೋಫಾ ಒಳಗೆ ಹೋಯಿತು.
ಹಸಿರು ಬಣ್ಣದ್ದು.
ಒಂದು ಕಾಲು ತುಸು ಗಿಡ್ಡ.