ಕಾವಲು

ಹೊರಗೆ ಮೈನಸ್ ಮೂವತ್ತೆಂಟು. ಮೆಕೆಂಝಿ ನದಿ
ಎಲ್ಲಿ ಮುಗಿಯಿತು, ಕಡಲು ಎಲ್ಲಿಂದ, ತಿಳಿಯದು.
ಶೆಡ್ಡಿನೊಳಗೆ ಕೊಳವೆಯ ಬಾಯಿಂದ
ಸಾವಿರ ಮೀಟರ್ ಕೆಳಗಿನ ಮರಳು ಬಂತು,
ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ
ಚುಂಯ್‌ಗುಡುತ್ತ.

ಶಿಗೆಮಿ ಒತ್ತಡ ಓದಿದಳು, ಹಾರ್ಟ್‌ಮುಟ್ ಬರೆದುಕೊಂಡ.
ಯಾರೋ ಬೆರಳು ಮಡಚಿ ಎಣಿಸಿದರು:
ಒಂದು ನಗರಕ್ಕೆ ಇಷ್ಟು ಚಳಿಗಾಲ.

ಎಲ್ಸಿ ಕಿಮಿಕ್ಸಾನಳ ಕೆಲಸ ಬೇರೆ,
ಬಂದೂಕು ಹಿಡಿದು ಕರಡಿ ಕಾಯುವುದು.
ಆದರೂ ಕರೆದರು. ತೊಗಲ ಕೈಗವಸಿನ ಮೇಲೊಂದು ಚೂರಿಟ್ಟು
ಕಡ್ಡಿ ಗೀರಿದರು.

ಮಂಜುಗಡ್ಡೆ ಹೊತ್ತಿಕೊಂಡಿತು.
ಕರ್ಪೂರ, ಅಂದುಕೊಂಡೆ ನಾನು. ತಪ್ಪು.
ಕರ್ಪೂರ ಏನನ್ನೂ ಉಳಿಸುವುದಿಲ್ಲ;
ಇದು ಅವಳ ಅಂಗೈ ತುಂಬ ನೀರು ಬಿಟ್ಟಿತು,
ಒಂದಿಷ್ಟು ಮರಳು.

"ಗೊತ್ತು," ಅಂದಳು. "ನಮ್ಮೂರ ನೆಲದಡಿ
ಮೀನು ಇಡುವ ಹಿಮದ ಕೋಣೆ ಇದೆ.
ಅಜ್ಜಿಯ ಕಾಲಕ್ಕೆ ಗೋಡೆ ಮುಟ್ಟಿದರೆ
ಬೆರಳು ಅಂಟಿಕೊಳ್ಳುತ್ತಿತ್ತು.
ಹೋದ ಬೇಸಿಗೆ ನಾನು ಮುಟ್ಟಿದೆ.
ಮೊಣಕೈ ತನಕ ಒದ್ದೆ."

ಹಾರ್ಟ್‌ಮುಟ್‌ನ ಪೆನ್ನು ನಿಂತಿತು.
ಚಳಿಗೆ ಶಾಯಿ ಹೆಪ್ಪುಗಟ್ಟಿರಬೇಕು.

ಅವಳು ಕೈ ಒರೆಸಿಕೊಂಡು ಹೊರಗೆ ಹೋಗಿ ನಿಂತಳು,
ಬೆನ್ನು ನಮ್ಮ ಕಡೆ, ಬಂದೂಕು ಬಿಳಿಯ ಕಡೆ.
ಅವತ್ತು ಕರಡಿ ಬರಲಿಲ್ಲ.
ತಟ್ಟೆಯಲ್ಲಿ ಉಳಿದದ್ದು ಚುಂಯ್‌ಗುಡುತ್ತಲೇ ಇತ್ತು.