ಆಲಿಕೆ

ನನ್ನ ಮಾದರಿಯಲ್ಲಿ ಕಾರವಾರ ಒಂದು ಚೌಕ.
ಹನ್ನೆರಡು ಕಿಲೋಮೀಟರ್ ಉದ್ದ, ಅಷ್ಟೇ ಅಗಲ.
ಬಂದರು, ಜೈಲು, ಮೀನುಪೇಟೆ, ಕಾಳಿಯ ಅಳಿವೆ,
ಸೇತುವೆ ಮೇಲೆ ಸುಮ್ಮನೆ ಹಾರ್ನ್ ಹೊಡೆಯುವ ಲಾರಿ
ಎಲ್ಲಕ್ಕೂ ಸೇರಿ ಒಂದೇ ಗಾಳಿ, ಒಂದೇ ಮಳೆ.
ಸದಾಶಿವಗಡ ಸರಾಸರಿಯಲ್ಲಿ ಕರಗಿ
ಮೂರಾಳೆತ್ತರದ ದಿಬ್ಬವಾಗಿದೆ.
ಚೌಕದ ಅರ್ಧಕ್ಕಿಂತ ತುಸು ಹೆಚ್ಚು ನೀರು;
ಬಹುಮತ ನೋಡಿ ಗಣಕ
ಊರನ್ನು ಸಮುದ್ರವೆಂದು ಬರೆದುಕೊಂಡಿದೆ.
ಹೀಗೆ ಒಂಬತ್ತು ವರ್ಷದಿಂದ
ಇಲ್ಲದ ಊರಿಗೆ
ಚಂಡಮಾರುತ ಕಳಿಸುತ್ತಿದ್ದೇನೆ.

ತಪ್ಪೆಷ್ಟು ಎಂದು ತಿಳಿಯಲು ನಿಜ ಬೇಕು.
ನಿಜ ಮಾಜಾಳಿಯಲ್ಲಿತ್ತು.
ಹಳೆ ಸುಂಕದ ಕಟ್ಟೆಯ ಹಿಂದೆ, ಮುಳ್ಳುತಂತಿಯೊಳಗೆ,
ಮೊಣಕಾಲೆತ್ತರದ ಮಳೆಮಾಪಕ.
ಬೆಳಿಗ್ಗೆ ಎಂಟೂವರೆಗೆ ಅದರ ಹೊಟ್ಟೆಯ ನೀರು
ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು
ಬರೆದಿಟ್ಟವರು ಶೇವಂತಿ ತಾಂಡೇಲ.
ಇಪ್ಪತ್ತಾರು ಮಳೆಗಾಲ.
ಒಂದಕ್ಕೂ ಏಳಕ್ಕೂ ಭೇದ ತೋರದ ಕೈಬರಹ.
ಮಗಳ ಮದುವೆಯ ದಿನವೂ
ನಲವತ್ತೆರಡು ಪಾಯಿಂಟ್ ನಾಲ್ಕು.

ಒಂದೇ ಒಂದು ದಿನ ಖಾಲಿ.
ಗೋವೆಯ ಕಡೆ ಹೊರಟ ಬಿರುಗಾಳಿ
ಮನಸ್ಸು ಬದಲಿಸಿ, ನಮ್ಮ ದಡಕ್ಕೆ
ಮೈ ತಿಕ್ಕಿಕೊಂಡು ಹೋದ ದಿನ.
ನನಗೆ ಬೇಕಾಗಿದ್ದ ಏಕೈಕ ದಿನ.
ಖಾಲಿಯನ್ನು ಗಣಕ ಖಾಲಿ ಬಿಡುವುದಿಲ್ಲ,
ಮೈನಸ್ ಒಂಬೈನೂರ ತೊಂಬತ್ತೊಂಬತ್ತು ಎಂದು ತುಂಬುತ್ತದೆ,
ಆ ದಿನ ಮಳೆ ನೆಲದಿಂದೆದ್ದು
ಆಕಾಶಕ್ಕೆ ವಾಪಸಾಯಿತೋ ಎಂಬಂತೆ.
ನಾನು ಅಂಕೋಲೆಯ ಅಂಕಿಯಿಂದ ಕಾಣಕೋಣದ ಅಂಕಿಗೆ
ದಾರ ಎಳೆದು, ನಡುವೆ ತೂಗಿ ನೋಡಿ,
ನೂರ ನಲವತ್ತಮೂರು ಎಂದು ಹೊಲಿದೆ.
ಪ್ರಬಂಧ ಅಚ್ಚಾಯಿತು. ಯಾರೂ ಕೇಳಲಿಲ್ಲ.

ರೋಹಿಣಿ ಮುಗಿಯುವ ಹೊತ್ತಿಗೆ ಹೋಗಿ ನಾನೇ ಕೇಳಿದೆ.
ಶೇವಂತಿಬಾಯಿ ಒಣಶೆಟ್ಲಿಯ ಮೇಲೆ
ತಾಡಪಾಲು ಎಳೆಯುತ್ತಿದ್ದರು.
‘ಆ ದಿನವಾ?’ ತುದಿಗೊಂದು ಕಲ್ಲಿಟ್ಟರು.
‘ಆಲಿಕೆ ಇರಲಿಲ್ಲ.’

ಯಾವ ಆಲಿಕೆ?

‘ಮಾಪಕದ್ದೇ, ಮತ್ತೆಂತದು.
ಮೂರು ದೋಣಿ ಬಂದಿರಲಿಲ್ಲ, ಹನ್ನೊಂದು ಜನ.
ಹುಡುಕಲಿಕ್ಕೆ ಹೊರಟವರಿಗೆ ಡೀಸೆಲ್ ಹಾಕಬೇಕು.
ಗಾಳಿ ಅಂದ್ರೆ ಎಂಥಾ ಗಾಳಿ, ಕ್ಯಾನು ಬಗ್ಗಿಸಿದರೆ
ಎಣ್ಣೆ ಟಾಂಕಿಗೆ ಹೋಗದೆ ನಮ್ಮ ಮುಖಕ್ಕೇ ಬರ್ತಿತ್ತು.
ಅಷ್ಟು ದೊಡ್ಡ ಬಾಯಿಯದ್ದು
ಊರಲ್ಲಿ ಸರಕಾರದ್ದೊಂದೇ.
ತಿರುಪಿ ತೆಗೆದು ಕೊಟ್ಟೆ.’

ಸಿಕ್ಕರಾ?

‘ಕೂರ್ಮಗಡದ ಮರೆಗೆ ದೋಣಿ ಮಗುಚಿ ಹಾಕಿ
ಅದರಡಿ ಕೂತಿದ್ರು, ಬೈಕೊಳ್ತಾ. ಎಲ್ಲರೂ ಇದ್ರು.
ಒಬ್ಬ ಮಾತ್ರ ಮತ್ತೆ ನೀರಿಗಿಳಿಯಲಿಲ್ಲ,
ಈಗ ಕೈಗಾ ಬಸ್ಸಲ್ಲಿ ಟಿಕೆಟು ಹರೀತಾನೆ.
ಆಲಿಕೆ ಸೀಗೆ ಹಾಕಿ ತೊಳೆದೆ, ಸೋಪು ಹಾಕಿ ತೊಳೆದೆ.
ಆದರೂ ಆ ವರ್ಷ ಪೂರಾ
ಮಳೆಗೆ ಡೀಸೆಲ್ ವಾಸನೆ.
ಅದನ್ನು ಬರೆಯಲಿಕ್ಕೆ ಕಾಲಂ ಇರಲಿಲ್ಲ.’
ಸ್ವಲ್ಪ ಸುಮ್ಮನಿದ್ದು,
‘ಈಗ ಗೊತ್ತಾದರೆ ಪಿಂಚಣಿ ಹಿಡೀತಾರಾ?’

ಇಲ್ಲ ಎಂದೆ. ನೂರ ನಲವತ್ತಮೂರರ ಸಂಗತಿ ಹೇಳಿದೆ.
ನಕ್ಕರು. ‘ಯಾರು ನೋಡಿದ್ದು?’
ಅಂಗಳದ ಕೊಡಪಾನ ಮಾತ್ರ
ಬೆಳಗಾಗುವುದರೊಳಗೆ ತುಂಬಿ ಚೆಲ್ಲಿತ್ತಂತೆ.
ಅದರ ಬಾಯಿ ಅಳೆಯಲೆಂದು ನನ್ನ ಕೈ
ಚೀಲದೊಳಗಿನ ಟೇಪಿಗೆ ಹೋಯಿತು,
ನಾಚಿ ಹಿಂದೆ ಬಂತು.

ಈಗ ಬೈತಖೋಲದ ಬಾಡಿಗೆ ಕೋಣೆಯಲ್ಲಿ
ಹೊಲಿಗೆ ಬಿಚ್ಚುತ್ತಿದ್ದೇನೆ.
ಮೈನಸ್ಸು ತನ್ನ ಜಾಗಕ್ಕೆ ಮರಳಿತು.
ಟಿಪ್ಪಣಿಗೆ ನಲವತ್ತು ಅಕ್ಷರದ ಜಾಗವಿತ್ತು, ಬರೆದೆ:
ಆಲಿಕೆ ಕೆಲಸದ ಮೇಲೆ ಹೊರಗೆ ಹೋಗಿತ್ತು.
ಕಿಟಕಿಗೆ ಪಡುಗಾಳಿ ಬಡಿಯುತ್ತಿದೆ.
ಗಣಕ ನಾಳೆಯ ಲೆಕ್ಕದಲ್ಲಿದೆ,
ಈ ಕೋಣೆಯನ್ನು, ನನ್ನನ್ನು, ಮೇಜಿನ ಚಹಾವನ್ನು
ನೀರೆಂದೇ ನಂಬಿ.