ಮೂರು ಬೆರಳು

ಅಮ್ಮತ್ತಿಯಿಂದ ಒಳಗೆ, ಯಾರೋ ಬಿಟ್ಟುಹೋದ ಜಂಬಿಟ್ಟಿಗೆಯ ಕೋರೆ.
ಮೂರು ಕಡೆ ಕೆಂಪು ಗೋಡೆ, ಗುಂಡು ದಾಟದಷ್ಟು ದಪ್ಪ;
ನಾಲ್ಕನೆಯ ಕಡೆ ನಾವು, ಇಪ್ಪತ್ತಮೂರು ಮಂದಿ,
ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ, ಕ್ಲಿಪ್ಪಿಗೆ ಸಿಕ್ಕಿಸಿದ ಅಂಕಪಟ್ಟಿ.
ಕಾಫಿ ಕೊಯ್ಲು ಮುಗಿದಿದೆ. ಹೂಮಳೆ ಇನ್ನೂ ಬಂದಿಲ್ಲ.
ಖಾಲಿ ಗೋಣಿ ಹೊಲಿದು ಸುಳ್ಳು ಗೋಡೆ ಕಟ್ಟಿದ್ದೇವೆ,
ಡೀಸೆಲ್ ಪೀಪಾಯಿ ಎರಡು, ಹಿಂದೆ ಬಗ್ಗಿ ಹೊಡೆಯಲಿಕ್ಕೆ.
ತಗಡು ಕಡಿದುಕೊಟ್ಟವನು ಐರಿ ಮಂದಣ್ಣ.
ಬೀಳುವ ಹಾಗೆ ಮಾಡಿದ್ದೇನೆ, ಅಂದ,
ಎತ್ತಿ ನಿಲ್ಲಿಸಲಿಕ್ಕೆ ನಿಮ್ಮ ಸೊಂಟವೇ ಗತಿ.

ನನ್ನ ಕೆಲಸ ಟೈಮರು.
ಹೊಡೆಯುವವರ ಬಲಹೆಗಲ ಹಿಂದೆ, ಒಂದು ತೋಳಿನ ದೂರ.
ಗುರಿಯನ್ನು ನಾನು ನೋಡುವುದಿಲ್ಲ.
ಮೂತಿ ನೋಡುತ್ತೇನೆ, ಬೆರಳು ನೋಡುತ್ತೇನೆ.
ಮೂವತ್ತೊಂದು ವರ್ಷ ವಾರ್ಡಿನಲ್ಲಿ ಡ್ರಿಪ್ಪಿನ ಹನಿ ಎಣಿಸಿದವಳು,
ಇದು ಹೊಸ ಕಸುಬೇನಲ್ಲ.

ಹನ್ನೊಂದನೆಯವನಾಗಿ ನನ್ನ ಅಣ್ಣ ಬಂದ.
ಪಟ್ಟಿಯಲ್ಲಿ: ಬೆಳ್ಯಪ್ಪ, ವಯಸ್ಸು ಎಪ್ಪತ್ತೊಂದು, ಮೊದಲ ಸಲ.
ಕೈಲ್‌ಪೊಳ್ದಿಗೆ ತೆಂಗಿನಕಾಯಿ ಹೊಡೆದೂ ಹೊಡೆದೂ
ಅವನ ಅಡುಗೆಮನೆಯ ಪಾತ್ರೆಯೆಲ್ಲ ಬಹುಮಾನದ್ದೇ.
ಮರದ ತುದಿಗೆ ಕಾಯಿ. ಒಂದೇ ಗುಂಡು, ಅರ್ಧ ಉಸಿರು.
ಊರು ಕಾಯುತ್ತದೆ. ಕಾಯಿಯೂ ಕಾಯುತ್ತದೆ.

ಕ್ಲಬ್ಬಿನ ಕಾರ್ಬೈನನ್ನು ತೂಗಿ ನೋಡಿದ:
"ತಿನ್ನುವುದು ಪಿಸ್ತೂಲಿನ ಗುಂಡು, ಏರುವುದು ಹೆಗಲಿಗೆ,
ಇದು ಎಂತ, ಕೋವಿಯ ಮೊಮ್ಮಗುವಾ?
ಮೂತಿಗೊಂದು ತೋಕ್‌ಪೂ ಸಿಕ್ಕಿಸಲಿಕ್ಕೂ ಜಾಗ ಇಲ್ಲ."

ಲೋಡ್ ಮಾಡಿ. ರೆಡಿಯಾ?
ತಂಗಿಯ ದನಿಯಲ್ಲ ಅದು, ಅವನೂ ತಿರುಗಿ ನೋಡಲಿಲ್ಲ.
ಬೀಪ್.

ದೂರದ ತಗಡು ಐದೂ ಬಿದ್ದವು,
ಠಣ್, ಠಣ್, ನಡುವೆ ಒಂದಿಷ್ಟು ಹಳೆಯ ಕಾಲ, ಠಣ್.
ಆಮೇಲೆ ಓಡಿದ. ಓಡಿದ ಅನ್ನಬೇಕು:
ತುಂಬಿದ ಲೋಟ ಹಿಡಿದು ಗದ್ದೆಯ ಏರಿಯ ಮೇಲೆ ಹೋಗುವವನ ಹಾಗೆ,
ಮೂತಿ ಕೆಂಪು ಗೋಡೆಗೆ, ಬೆರಳು ಹೊರಗೆ, ಸರಿಯಾಗಿ.
ಪೀಪಾಯಿ ದಾಟಿದರೆ ಏಳು ಹೆಜ್ಜೆಗೆ ಕೊನೆಯ ಕಾಗದ,
ಕಂದು ತಲೆಯಷ್ಟೇ ಕಾಣುತ್ತದೆ,
ಕೆಳಗೆ ಬಿಳಿ ಕಾಗದ; ಬಿಳಿಗೆ ಹೊಡೆಯಬಾರದು.
ಎರಡು ಗುಂಡು. ಮುಗಿಯಿತು.
ಖಾಲಿ ತೋರಿಸಿ, ಅಂದೆ. ತೋರಿಸಿದ.
ಉಕ್ಕಿನ ಗೂಡಿನಲ್ಲಿ ಬೆಳಕು ಬಿಟ್ಟರೆ ಏನೂ ಇರಲಿಲ್ಲ.

ತಲೆಯಲ್ಲಿ ತೂತಿಲ್ಲ.
ಬಿಳಿಯಲ್ಲಿ ಎರಡು, ಒಂದನ್ನೊಂದು ತಾಗಿಕೊಂಡು,
ಮೇಲೆ ಒಂದು ರೂಪಾಯಿ ಇಟ್ಟರೆ ಮುಚ್ಚಿಹೋಗುವಷ್ಟು.
ಅಷ್ಟು ಚೆಂದದ ತಪ್ಪನ್ನು ನಾನು ನೋಡಿರಲಿಲ್ಲ.

"ಕೆಂಪು ಚುಕ್ಕಿ ಗಲ್ಲದ ಮೇಲೇ ಇತ್ತು," ಅಂದ.
ಇತ್ತು.
"ಗೆರೆಗೆ ತಾಗಿರಬಹುದು, ಅಳೆದು ನೋಡು."
ಗೇಜು ಇಟ್ಟು ಅಳೆದೆ. ತಾಗಿರಲಿಲ್ಲ.
"ಚಿಕ್ಕಂದಿನಲ್ಲಿ ನಿನಗೆ ಈಜು ಕಲಿಸಿದ್ದು ಯಾರು?"
ನಾನು ಬರೆದೆ: ತಪ್ಪಿದ್ದು ಎರಡು, ಬಿಳಿ ಎರಡು.
ಪೆನ್ನು ಕೊಟ್ಟೆ. ಪಟ್ಟಿಯ ಹೊರಕ್ಕೆ ಹೋಗುವಷ್ಟು ದೊಡ್ಡ ಸಹಿ ಹಾಕಿದ.

ತೂತಿಗೆ ಟೇಪು ಹಚ್ಚುತ್ತಿದ್ದ ಹುಡುಗಿ, ಸಫೂರ,
ಗೋಣಿಕೊಪ್ಪದಲ್ಲಿ ಬಿ.ಕಾಂ., ಇಂದು ಎಲ್ಲರಿಗಿಂತ ಮುಂದೆ,
ಖಾಲಿ ಕಾರ್ಬೈನನ್ನು ಮೇಜಿನ ಮೇಲಿಟ್ಟು
ಚುಕ್ಕಿಗೂ ನಳಿಗೆಗೂ ನಡುವೆ ಬೆರಳು ಇಟ್ಟು ತೋರಿಸಿದಳು: ಮೂರು.
"ಕಣ್ಣು ಮಹಡಿಯಲ್ಲಿದೆ ಅಜ್ಜ, ಗುಂಡು ಕೆಳಮನೆಯಲ್ಲಿ.
ದೂರ ಹೋದರೆ ಎರಡೂ ಒಂದೇ ದಾರಿಗೆ ಬರುತ್ತವೆ.
ಹತ್ತಿರದ್ದಕ್ಕೆ ಮೇಲೆ ಹಿಡಿಯಬೇಕು, ಹಣೆಗೆ."
ಅವನು ಉತ್ತರ ಕೊಡಲಿಲ್ಲ.
ನೆಲದಲ್ಲಿ ಬಿದ್ದ ಹಿತ್ತಾಳೆಯ ತೋಟೆ ಹೆಕ್ಕಿ ಹೆಕ್ಕಿ
ತನ್ನದಲ್ಲದ್ದನ್ನೂ ಟೋಪಿಗೆ ತುಂಬಿದ.

ಸಂಜೆ ಅವನ ಫ್ಲಾಸ್ಕು ಕೊಡಲಿಕ್ಕೆ ಹೋದೆ.
ಪಡಸಾಲೆಯಲ್ಲಿ ಕರೆಂಟಿಲ್ಲ, ಒಂದು ಬೆಳಕಿನ ಚುಕ್ಕಿ ಓಡಾಡುತ್ತಿದೆ:
ಗಡಿಯಾರ. ನಲ್ಲಿ. ಬಾಗಿಲ ಚಿಲಕ.
ಹಿಡಿಸೂಡಿಯ ಕೋಲಿಗೆ ಟಾರ್ಚು ಕಟ್ಟಿದ್ದಾನೆ,
ನಡುವೆ ಬೆಂಡಿನ ತುಂಡು, ಅಳತೆಗೆ ಮೂರು ಬೆರಳು.
ಚುಕ್ಕಿ ಚಿಲಕಕ್ಕಿಂತ ತುಸು ಮೇಲೆ ನಿಂತಿತು.
"ಯಾರು?" ಎಂದು ತಿರುಗಿದ, ಬೆಳಕು ನನ್ನ ಸೀರೆಗೆ ಬಿತ್ತು.
"ಮೂತಿ!" ಅಂದೆ, ಕೋರೆಯ ದನಿಯಲ್ಲೇ.
ಎಪ್ಪತ್ತೊಂದರ ಅಣ್ಣ ಗಡಬಡಿಸಿ
ಹಿಡಿಸೂಡಿಯನ್ನು ಗೋಡೆಗೆ ತಿರುಗಿಸಿದ.